ನಮ್ಮ ಮೇಲಿನ ಕೇಸಿನ ಕಾಗದ ಎಲ್ಲಿದೆ?

(ಹೋಬಳಿ ರೈತರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಲೆಯ ಲೆಕ್ಕ, ಸಾಲದ ಲೆಕ್ಕ ಹೇಳಲು ಈ ವೇದಿಕೆಯ ಮೇಲೆ ನನಗಿಂತ ತಿಳಿದವರಿದ್ದಾರೆ. ನಾನು ಹೈಸ್ಕೂಲು ಮುಗಿಸಿ ನೇಗಿಲು ಹಿಡಿದವನು. ನನಗೆ ವಹಿಸಿರುವುದು ಒಂದೇ ವಿಷಯ. ನಮ್ಮ ಮೇಲೆ ಇರುವ ಕ್ರಿಮಿನಲ್ ಕೇಸಿನ ಕಾಗದ ಎಲ್ಲಿರುತ್ತದೆ, ಅದನ್ನು ಹೇಗೆ ಕೈಗೆ ತೆಗೆದುಕೊಳ್ಳಬೇಕು ಅನ್ನೋದು.

"ನಾವೇನು ಕಳ್ಳರೇ, ನಮಗ್ಯಾಕೆ ಕ್ರಿಮಿನಲ್ ಕೋರ್ಟು?" ಅಂತ ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಸರಿ. ರಸ್ತೆ ತಡೆಯಲ್ಲಿ ಕೂತವರು ಇಲ್ಲಿ ಎಷ್ಟು ಜನ ಇದ್ದೀರಿ? ಟ್ರ್ಯಾಕ್ಟರಿಗೋ ಬೋರ್‌ವೆಲ್ಲಿಗೋ ಸಾಲ ತೆಗೆಯುವಾಗ ಸಹಿ ಮಾಡಿದ ಖಾಲಿ ಚೆಕ್ಕು ಕೊಟ್ಟವರೆಷ್ಟು ಜನ? ಕೈ ಎತ್ತಬೇಡಿ, ನನಗೆ ಗೊತ್ತು. ಇವೆರಡರಲ್ಲಿ ಒಂದು ಮಾಡಿದ್ದರೂ ನಿಮ್ಮ ಹೆಸರು ಯಾವುದಾದರೂ ಮ್ಯಾಜಿಸ್ಟ್ರೇಟ್ ಕೋರ್ಟಿನ ರಿಜಿಸ್ಟರಿನಲ್ಲಿ ಇರಬಹುದು. ಇದೆಯೋ ಇಲ್ಲವೋ ಎಂದು ನೋಡಿಕೊಂಡಿದ್ದೀರಾ?

ನಾನೂ ನೋಡಿಕೊಂಡಿರಲಿಲ್ಲ. 2009ರಲ್ಲಿ ಬಾಕಿ ಬಿಲ್ಲಿಗಾಗಿ ಹೆದ್ದಾರಿಯಲ್ಲಿ ಕೂತೆವು. ನಮ್ಮೂರಿನವರ ಮೇಲೆ ಅಕ್ರಮ ಕೂಟ, ದಾರಿಗೆ ಅಡ್ಡಿ ಅಂತ ಕೇಸಾಯಿತು. ಒಂದು ವರ್ಷ ಕೋರ್ಟಿಗೆ ಅಲೆದೆವು. ಆಮೇಲೆ ಸರ್ಕಾರ ರೈತರ ಮೇಲಿನ ಕೇಸು ವಾಪಸು ತಗೊಂಡಿದೆ ಅಂತ ಸುದ್ದಿ ಬಂತು. ನಾವು ಮಂಡಕ್ಕಿ ಹಂಚಿ ಮನೆಗೆ ಹೋದೆವು. 2017ರಲ್ಲಿ ರಾಗಿ ಕೊಯ್ಲಿನ ಹೊತ್ತು, ಬೆಳಗಿನ ಜಾವ ಪೊಲೀಸಿನವರು ಬಾಗಿಲು ತಟ್ಟಿದರು. ಕೈಯಲ್ಲಿ ಜಾಮೀನುರಹಿತ ವಾರಂಟು. ನನ್ನ ಜೊತೆ ಎಪ್ಪತ್ತು ದಾಟಿದ ನಮ್ಮ ದೊಡ್ಡಪ್ಪನನ್ನೂ ಜೀಪಿಗೆ ಹತ್ತಿಸಿದರು. ಅವತ್ತು ಶುಕ್ರವಾರ, ಸಂಜೆಯೊಳಗೆ ಜಾಮೀನುದಾರರ ಪಹಣಿ ಹೊಂದಿಸಲು ಆಗಲಿಲ್ಲ. ಸೋಮವಾರದ ತನಕ ಮೂರು ರಾತ್ರಿ ಒಳಗೆ. ಕೊಯ್ದ ರಾಗಿ ಮಳೆಗೆ ಹೊಲದಲ್ಲೇ ಮೊಳಕೆ ಒಡೆಯಿತು. ಕೋರ್ಟಿಗೆ ಹೋಗಿ ವಿಚಾರಿಸುವ ಜವಾಬ್ದಾರಿಯನ್ನು ಊರಿನವರು ನನಗೆ ಕೊಟ್ಟಿದ್ದರು, ನಾನು ಪೇಪರು ಓದಿ ಸುಮ್ಮನಾಗಿದ್ದೆ. ದೊಡ್ಡಪ್ಪ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆದದ್ದೇನು? ಸರ್ಕಾರ ವಾಪಸು ತಗೊಂಡೆ ಅಂದ ಮಾತ್ರಕ್ಕೆ ಕೇಸು ಹೋಗುವುದಿಲ್ಲ. ಸರ್ಕಾರದ ಆದೇಶ ಬರಬೇಕು, ಸರ್ಕಾರಿ ವಕೀಲರು ಕೋರ್ಟಿಗೆ ಅರ್ಜಿ ಹಾಕಬೇಕು, ಕೋರ್ಟು ಒಪ್ಪಬೇಕು. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 360ನೇ ಕಲಮು. ಕೋರ್ಟು ಒಪ್ಪದೆ ಇದ್ದರೆ, ಅಥವಾ ಅರ್ಜಿಯೇ ಹೋಗದೆ ಇದ್ದರೆ, ಕೇಸು ಜೀವಂತ. ನಮ್ಮದರಲ್ಲಿ ಅರ್ಜಿಯೇ ಹೋಗಿರಲಿಲ್ಲ. ನಾವು ಹಾಜರಾಗದ್ದಕ್ಕೆ ವಾರಂಟು ಹೊರಟಿತ್ತು. ವಾರಂಟಿಗೆ ವಯಸ್ಸಾಗುವುದಿಲ್ಲ ಬಂಧುಗಳೇ. ಕೋರ್ಟು ರದ್ದು ಮಾಡುವ ತನಕ ಅಥವಾ ಜಾರಿಯಾಗುವ ತನಕ ಅದು ಬದುಕಿರುತ್ತದೆ.

ಇದೆಲ್ಲ ಎಲ್ಲಿ ಬರೆದಿತ್ತು? ಕೋರ್ಟಿನ ಆರ್ಡರ್ ಶೀಟಿನಲ್ಲಿ. ಒಂದೊಂದು ತಾರೀಖಿಗೂ ಯಾರು ಬಂದರು, ಯಾರು ಬರಲಿಲ್ಲ, ಏನು ಹುಕುಂ ಆಯಿತು ಅನ್ನೋದು ಅದರಲ್ಲಿರುತ್ತದೆ. ನಾನು ಮುಂಚೆಯೇ ಅದರ ನಕಲು ತೆಗೆಸಿದ್ದರೆ ವಕೀಲರ ಮೂಲಕ ನಾವೇ ಹಾಜರಾಗಿ, ವಾರಂಟು ರದ್ದು ಮಾಡಿ ಅಂತ ಅರ್ಜಿ ಕೊಡಬಹುದಿತ್ತು.

ಈಗ ಹುಡುಕುವುದು ಹೇಗೆ ಅಂತ ನೋಡೋಣ. ಮೊದಲು ಎರಡು ನಂಬರುಗಳ ವ್ಯತ್ಯಾಸ ತಿಳಿಯಿರಿ. ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಆದಾಗ ಬೀಳುವುದು ಕ್ರೈಂ ನಂಬರು. ಚಾರ್ಜ್‌ಶೀಟು ಕೋರ್ಟಿಗೆ ಹೋದ ಮೇಲೆ ಬೀಳುವುದು ಸಿ.ಸಿ. ನಂಬರು. ಸೆಷನ್ಸ್ ಕೋರ್ಟಿಗೆ ಹೋದರೆ ಎಸ್.ಸಿ. ನಂಬರು. ಚೆಕ್ಕಿನ ಕೇಸು ಪೊಲೀಸಿನ ಮೂಲಕ ಬರುವುದಿಲ್ಲ. ಸಾಲ ಕೊಟ್ಟವನೇ ನೇರ ಕೋರ್ಟಿಗೆ ಹಾಕುವ ಖಾಸಗಿ ದೂರು ಅದು. ಆದ್ದರಿಂದ ಠಾಣೆಯಲ್ಲಿ ಕೇಳಿ "ನಿನ್ನ ಮೇಲೆ ಏನೂ ಇಲ್ಲ ಹೋಗಪ್ಪ" ಅಂದರೆ ನಂಬಿ ಬರಬೇಡಿ. ಅವರ ಪುಸ್ತಕದಲ್ಲಿ ಇಲ್ಲದ್ದು ಕೋರ್ಟಿನ ಪುಸ್ತಕದಲ್ಲಿ ಇರಬಹುದು.

ಎಫ್‌ಐಆರ್ ಪ್ರತಿಗೆ ಯಾರಿಗೂ ಕೈ ಬೆಚ್ಚಗೆ ಮಾಡಬೇಕಾಗಿಲ್ಲ. ದೂರು ಕೊಟ್ಟವರಿಗೆ ಠಾಣೆಯಲ್ಲೇ ಉಚಿತ. ಆರೋಪಿಯಾದವನು ಕೋರ್ಟಿಗೆ ಅರ್ಜಿ ಕೊಟ್ಟರೆ ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತ ಸುಪ್ರೀಂ ಕೋರ್ಟು 2016ರ ಸೆಪ್ಟೆಂಬರ್ 7ರಂದು ಹೇಳಿದೆ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಪೊಲೀಸಿನವರು ತಮ್ಮ ಜಾಲತಾಣಕ್ಕೆ ಹಾಕಬೇಕು ಅಂತಲೂ ಅದೇ ತೀರ್ಪಿನಲ್ಲಿದೆ.

ಕೋರ್ಟಿನ ಕೇಸು ನೋಡಲು ಈಗ ಪೇಟೆಗೆ ಬಸ್ಸು ಹತ್ತಲೇಬೇಕು ಅಂತಿಲ್ಲ. ಮಕ್ಕಳ ಕೈಯಲ್ಲಿ ಮೊಬೈಲಿದೆಯಲ್ಲ, ರೀಲು ನೋಡುವುದನ್ನು ಒಂದು ಗಳಿಗೆ ನಿಲ್ಲಿಸಿ ಇ-ಕೋರ್ಟ್ಸ್ ತೆಗೆಯಲು ಹೇಳಿ. ರಾಜ್ಯ, ಜಿಲ್ಲೆ, ಕೋರ್ಟು ಆರಿಸಿದರೆ ಕೇಸಿನ ನಂಬರಿನಿಂದಲೂ ಹುಡುಕಬಹುದು, ಎಫ್‌ಐಆರ್ ನಂಬರಿನಿಂದಲೂ ಹುಡುಕಬಹುದು, ಹೆಸರು ಮತ್ತು ಇಸವಿಯಿಂದಲೂ ಹುಡುಕಬಹುದು. ಕೇಸು ಸಿಕ್ಕರೆ ಸಿ.ಎನ್.ಆರ್. ಅನ್ನುವ 16 ಅಕ್ಷರ-ಅಂಕಿಯ ಒಂದು ಗುರುತು ಸಿಗುತ್ತದೆ. ನಮ್ಮ ರಾಜ್ಯದ್ದಾದರೆ ಕೆ.ಎ. ಎಂದು ಶುರುವಾಗುತ್ತದೆ. ಅದನ್ನು ಪಹಣಿ ನಂಬರಿನ ಹಾಗೆ ಬರೆದಿಟ್ಟುಕೊಳ್ಳಿ. ಮುಂದಿನ ತಾರೀಖು ನೋಡಲು ಅಷ್ಟು ಸಾಕು.

ಹೆಸರಿನಿಂದ ಹುಡುಕುವಾಗ ಮೋಸ ಹೋಗುವುದುಂಟು. ಸಿದ್ದಪ್ಪ ಅನ್ನುವುದನ್ನು ಗುಮಾಸ್ತರು ಇಂಗ್ಲಿಷಿನಲ್ಲಿ ಒಂದು ಡಿ ಹಾಕಿ ಬರೆದಿರುತ್ತಾರೆ, ಎರಡು ಡಿ ಹಾಕಿ ಬರೆದಿರುತ್ತಾರೆ, ಕೊನೆಗೊಂದು ಎಚ್ ಸೇರಿಸಿರುತ್ತಾರೆ. ಎಲ್ಲ ತರದಲ್ಲೂ ಹಾಕಿ ನೋಡಿ. ರಸ್ತೆ ತಡೆಯ ಕೇಸುಗಳಲ್ಲಿ ಒಂದನೇ ಆರೋಪಿಯ ಹೆಸರು ಹಾಕಿ "ಮತ್ತು ಇತರರು" ಅಂತ ಬಿಟ್ಟಿರುವುದೂ ಉಂಟು. ನೀವು ಆ ಇತರರಲ್ಲಿ ಇರುತ್ತೀರಿ! ಹಾಗಾಗಿ ಜೊತೆಗೆ ಕೂತಿದ್ದವರ ಹೆಸರನ್ನೂ ಹುಡುಕಿ. ಹಳೆಯ ಕೇಸುಗಳು ಮೊಬೈಲಿನಲ್ಲಿ ಕಾಣದೆ ಹೋಗಬಹುದು. ಕಾಣಲಿಲ್ಲ ಅಂದರೆ ಕೇಸಿಲ್ಲ ಅಂತ ಅರ್ಥವಲ್ಲ. ನಿಮ್ಮ ಠಾಣೆ ಯಾವ ಜೆ.ಎಂ.ಎಫ್.ಸಿ. ಕೋರ್ಟಿಗೆ ಸೇರಿದೆಯೋ ಆ ಕೋರ್ಟಿನ ಕಚೇರಿಗೆ ಹೋಗಿ ರಿಜಿಸ್ಟರು ನೋಡಿಸಬೇಕು. ಹಾಜರಾಗದವರ ಕೇಸನ್ನು ಬೇರೆ ಮಾಡಿ, ದೀರ್ಘಕಾಲದ ಬಾಕಿ ಎಂದು ಇನ್ನೊಂದು ರಿಜಿಸ್ಟರಿಗೆ ದಾಟಿಸಿರುತ್ತಾರೆ. ಅದನ್ನೂ ನೋಡಿ ಅಂತ ಬಾಯಿಬಿಟ್ಟು ಕೇಳಬೇಕು.

ಚೆಕ್ಕು ಕೊಟ್ಟವರಿಗೆ ಇನ್ನೊಂದು ಮಾತು. ಕೇಸು ನಮ್ಮ ತಾಲ್ಲೂಕಿನಲ್ಲೇ ಇರುತ್ತದೆ ಅಂದುಕೊಳ್ಳಬೇಡಿ. 2015ರ ತಿದ್ದುಪಡಿಯ ಪ್ರಕಾರ, ಸಾಲ ಕೊಟ್ಟವನು ಚೆಕ್ಕನ್ನು ತನ್ನ ಖಾತೆಗೆ ಹಾಕಿದ್ದರೆ, ಆ ಖಾತೆ ಇರುವ ಶಾಖೆ ಯಾವ ಊರಿನದೋ ಆ ಊರಿನ ಕೋರ್ಟಿನಲ್ಲಿ ಕೇಸು ನಡೆಯುತ್ತದೆ. 2018ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ರೈತರ ಮನೆಗೆ ಕೋಲ್ಕತ್ತದ ಕೋರ್ಟಿನ ವಾರಂಟು ಬಂದದ್ದು ನೆನಪಿದೆಯೇ? ಸವದತ್ತಿಯ ಕಡೆಯ ರೈತ ಕೋಲ್ಕತ್ತವನ್ನು ಕನಸಿನಲ್ಲೂ ಕಂಡವನಲ್ಲ. ಗಲಾಟೆಯಾಗಿ ಮುಖ್ಯಮಂತ್ರಿಯೇ ನಡುವೆ ಬರಬೇಕಾಯಿತು. ಆದ್ದರಿಂದ ಚೆಕ್ಕು ಕೊಟ್ಟಿದ್ದರೆ ಸಾಲ ಕೊಟ್ಟವರ ಶಾಖೆ ಎಲ್ಲಿದೆ ನೋಡಿ, ಆ ಊರಿನ ಕೋರ್ಟಿನಲ್ಲೂ ಹುಡುಕಿ. ಚೆಕ್ಕು ವಾಪಸಾದ ಮೇಲೆ ಬರುವ ನೋಟೀಸನ್ನು ಅಂಚೆಯವನಿಗೆ ಹಿಂದಿರುಗಿಸಬೇಡಿ. ಹಿಂದಿರುಗಿಸಿದರೆ ಕೇಸು ನಿಲ್ಲುವುದಿಲ್ಲ, ಹಣ ಕಟ್ಟಲು ಸಿಗುವ 15 ದಿನದ ಗಡುವು ಮಾತ್ರ ನಿಮಗೆ ತಿಳಿಯದೆ ದಾಟಿಹೋಗುತ್ತದೆ.

ಸಾಲ ತೀರಿಸಿ ಬೇಬಾಕಿ ಪತ್ರ ತಂದವರೂ ಕೇಳಿ. ಬೇಬಾಕಿ ಪತ್ರ ಬ್ಯಾಂಕಿನದು, ಕೋರ್ಟಿನದಲ್ಲ. ರಾಜಿ ಆಯಿತು ಅಂತ ಅವರು ಕೋರ್ಟಿಗೆ ಬರೆದುಕೊಟ್ಟು, ಕೇಸು ಮುಗಿಯಿತು ಅಂತ ಆರ್ಡರ್ ಶೀಟಿನಲ್ಲಿ ಏರಬೇಕು. ದುಡ್ಡು ಎಣಿಸಿಕೊಂಡ ಮೇಲೆ ಅವರಿಗೆ ಆ ಕೆಲಸ ನೆನಪಿರುವುದಿಲ್ಲ.

ಇನ್ನು ನಕಲು. ಕೋರ್ಟಿನಲ್ಲಿ ನಕಲು ವಿಭಾಗ ಅಂತ ಇರುತ್ತದೆ. ಅರ್ಜಿಯಲ್ಲಿ ಕೋರ್ಟಿನ ಹೆಸರು, ಕೇಸಿನ ನಂಬರು, ಎರಡೂ ಕಡೆಯವರ ಹೆಸರು, ಕೇಸು ನಡೆಯುತ್ತಿದೆಯೋ ಮುಗಿದಿದೆಯೋ, ಯಾವ ಕಾಗದ, ಯಾವ ತಾರೀಖಿನದು ಅಂತ ಬರೆದು ಕೋರ್ಟ್ ಫೀ ಸ್ಟಾಂಪು ಹಚ್ಚಿ ಕೊಡಬೇಕು. "ಎಲ್ಲ ಕಾಗದ ಕೊಡಿ" ಅಂತ ಬರೆದರೆ ವಾಪಸು ಬರುತ್ತದೆ. ಎಫ್‌ಐಆರ್, ಚಾರ್ಜ್‌ಶೀಟು, ಆರ್ಡರ್ ಶೀಟು, ಸಾಕ್ಷಿಯ ಹೇಳಿಕೆ, ತೀರ್ಪು ಅಂತ ಹೆಸರು ಹೇಳಿ ಕೇಳಿ. ಶುಲ್ಕ ಪುಟದ ಲೆಕ್ಕ. ರಸೀದಿ ಇಲ್ಲದೆ ಒಂದು ಕಾಸೂ ಕೊಡಬೇಡಿ. ಮರದ ಕೆಳಗೆ ಟೈಪಿನವನ ಪಕ್ಕ ನಿಂತು "ನಾನು ತಂದುಕೊಡ್ತೀನಿ ಗೌಡರೇ" ಅನ್ನುವವನಿಂದ ದೂರ ಇರಿ.

ಕೆಲವು ಕಾಗದ ಕೇಳದೆಯೇ ಬರಬೇಕು. ಪೊಲೀಸ್ ಕೇಸಿನಲ್ಲಿ ಆರೋಪಿ ಹಾಜರಾದ 14 ದಿನದೊಳಗೆ ಎಫ್‌ಐಆರ್, ಚಾರ್ಜ್‌ಶೀಟು, ಸಾಕ್ಷಿಗಳ ಹೇಳಿಕೆಯ ಪ್ರತಿಗಳನ್ನು ಪುಕ್ಕಟೆ ಕೊಡಬೇಕು ಅಂತ ಹೊಸ ಸಂಹಿತೆಯ 230ನೇ ಕಲಮು ಹೇಳುತ್ತದೆ. ಜೈಲು ಶಿಕ್ಷೆಯಾದರೆ ತೀರ್ಪಿನ ಪ್ರತಿಯನ್ನು ಆಗಲೇ, ಪುಕ್ಕಟೆಯಾಗಿ ಕೊಡಬೇಕು, ಇದು 404ನೇ ಕಲಮು. ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಸೆಷನ್ಸ್ ಕೋರ್ಟಿಗೆ ಅಪೀಲು ಹೋಗಲು 30 ದಿನ. ನಕಲು ತಯಾರಾಗಲು ಹಿಡಿದ ದಿನಗಳನ್ನು ಅದರಲ್ಲಿ ಬಿಟ್ಟು ಲೆಕ್ಕ ಹಾಕುತ್ತಾರೆ. ನಕಲಿನ ಮೇಲೆ ಅರ್ಜಿ ಕೊಟ್ಟ ತಾರೀಖು, ತಯಾರಾದ ತಾರೀಖು ಸರಿಯಾಗಿ ಬಿದ್ದಿದೆಯೇ ಅಂತ ಅಲ್ಲೇ ನೋಡಿಕೊಳ್ಳಿ.

ಬೇರೆಯವರ ಕೇಸಿನ ಕಾಗದ ಬೇಕಾದರೆ? ಉದಾಹರಣೆಗೆ, ನಿಮ್ಮ ಹೊಲ ಕೊಳ್ಳಲು ಬಂದವನ ಮೇಲೆ ವಂಚನೆಯ ಕೇಸಿದೆ ಅಂತ ಸುದ್ದಿ ಇದೆ. ಕಾರಣ ತಿಳಿಸಿ, ಪ್ರಮಾಣಪತ್ರದ ಜೊತೆ ಅರ್ಜಿ ಹಾಕಬೇಕು, ನ್ಯಾಯಾಧೀಶರು ಅನುಮತಿ ಕೊಡಬೇಕು. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಸಿಗುವುದಿಲ್ಲ. ಕೋರ್ಟಿನ ಕಡತದ ನಕಲನ್ನು ಕೋರ್ಟಿನ ನಿಯಮದ ಪ್ರಕಾರವೇ ಪಡೆಯಬೇಕು ಅಂತ ಸುಪ್ರೀಂ ಕೋರ್ಟು 2020ರ ಮಾರ್ಚ್ 4ರಂದು ತೀರ್ಪು ಕೊಟ್ಟಿದೆ. ನಮ್ಮ ಕೆಲವು ಗೆಳೆಯರು ಎಲ್ಲದಕ್ಕೂ ಮಾಹಿತಿ ಹಕ್ಕಿನ ಅರ್ಜಿ ಗೀಚುತ್ತಾರೆ, ಇಲ್ಲಿ ಆ ಮದ್ದು ಹತ್ತುವುದಿಲ್ಲ.

ಮುಗಿದ ಕೇಸಿನ ಕಡತ ದಾಖಲೆ ಕೋಣೆಗೆ ಹೋಗುತ್ತದೆ, ಕೆಲವು ವರ್ಷದ ಮೇಲೆ ನಿಯಮದಂತೆ ನಾಶವಾಗುತ್ತದೆ. ಖುಲಾಸೆಯಾಗಿದ್ದರೂ, ದಂಡ ಕಟ್ಟಿ ಮುಗಿಸಿದ್ದರೂ, ತೀರ್ಪಿನ ನಕಲು, ದಂಡದ ರಸೀದಿ ಈಗಲೇ ತೆಗೆದು ಪೆಟ್ಟಿಗೆಯಲ್ಲಿಡಿ. ನಾಳೆ ಮಗನಿಗೆ ಕೆಲಸಕ್ಕೋ ಪಾಸ್‌ಪೋರ್ಟಿಗೋ ಪೊಲೀಸ್ ವಿಚಾರಣೆ ಬಂದು, ಅವನ ಹೆಸರೂ ಹಳೆಯ ಕೇಸಿನಲ್ಲಿದ್ದರೆ, ತೋರಿಸಲು ಬೇಕಾಗುವುದು ಅದೇ.

ಅಕಸ್ಮಾತ್ ವಾರಂಟು ಹಿಡಿದು ಮನೆಗೆ ಬಂದರೆ, ಜಗಳಕ್ಕೆ ನಿಲ್ಲಬೇಡಿ. ವಾರಂಟು ತೋರಿಸಿ ಅಂತ ಕೇಳಿ, ಕೇಳಿದರೆ ತೋರಿಸಬೇಕು. ಕೋರ್ಟಿನ ಹೆಸರು, ಕೇಸಿನ ನಂಬರು ಅದರಲ್ಲೇ ಇರುತ್ತದೆ. ಮನೆಯ ಹೆಣ್ಣುಮಕ್ಕಳು ಅದನ್ನು ಬರೆದುಕೊಂಡರೆ ಅರ್ಧ ಕೆಲಸ ಆದಂತೆ. ವಕೀಲರಿಗೆ ಕೊಡಲು ಹಣವಿಲ್ಲ ಅನ್ನುವವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಅದು ಕೋರ್ಟಿನ ಆವರಣದಲ್ಲೇ ಇರುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿರುವವರಿಗೆ, ಆದಾಯ ಮಿತಿಯೊಳಗಿರುವ ಯಾರಿಗೇ ಆಗಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.

ನಮ್ಮ 2009ರ ಕೇಸಿನಲ್ಲಿ ಆಮೇಲೆ ಅರ್ಜಿ ಹೋಯಿತು, ಕೋರ್ಟು ಒಪ್ಪಿತು. ಆ ಹುಕುಮಿನ ನಕಲು ಇಲ್ಲಿ ನನ್ನ ಚೀಲದಲ್ಲಿದೆ. ದೊಡ್ಡಪ್ಪ ಅದನ್ನು ನೋಡಲು ಉಳಿಯಲಿಲ್ಲ.

ಊಟದ ಹೊತ್ತಾಯಿತು. ಊಟವಾದ ಮೇಲೆ ನಾನು ಆ ಹುಣಸೆ ಮರದ ಕೆಳಗೆ ಕೂತಿರುತ್ತೇನೆ. ನಮ್ಮ ಹುಡುಗರಿಬ್ಬರು ಮೊಬೈಲು ಹಿಡಿದು ಜೊತೆಗಿರುತ್ತಾರೆ. ನಿಮ್ಮ ಹೆಸರು, ತಂದೆಯ ಹೆಸರು, ಠಾಣೆ, ಯಾವ ಇಸವಿಯ ಗಲಾಟೆ, ಯಾರಿಗೆ ಚೆಕ್ಕು ಕೊಟ್ಟಿರಿ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಬರೆಯಲು ಬಾರದವರು ಹಾಗೆಯೇ ಬನ್ನಿ.