ಹಳೆಯ ಕಂಪ್ಯೂಟರಿಗೆ ಹಣ ಹಾಕಬೇಕೆ?

(ತುರ್ಭೆಯಲ್ಲಿ ಸೇರಿದ ಸದಸ್ಯರ ಸಭೆಯಲ್ಲಿ ಕಾರ್ಯಕಾರಿ ಸಮಿತಿಯ ಪರವಾಗಿ ಮಾಡಿದ ಭಾಷಣ)



ಸಂಘದ ಕಚೇರಿಯ ಕಂಪ್ಯೂಟರನ್ನು ನಾವು ಕೊಂಡದ್ದು 2014ರಲ್ಲಿ. ಈಗ ಅದರ ಗುಂಡಿ ಒತ್ತಿ ಚಹಾ ಕುಡಿದು ಬಂದರೂ ಅದು ಸಿದ್ಧವಾಗಿರುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಪ್ರಾವಿಡೆಂಟ್ ಫಂಡಿನ ಲೆಕ್ಕ ನೋಡಲು ಬಂದವರು ನಿದ್ದೆಗೆಟ್ಟು ಕಾಯಬೇಕಾಗಿದೆ. ಗುಜರಿಗೆ ಹಾಕಿ ಹೊಸದನ್ನು ತನ್ನಿ ಎಂದು ಕೆಲವರು, ಇದ್ದುದನ್ನೇ ಸರಿಪಡಿಸಿ ಎಂದು ಕೆಲವರು ಹೇಳುತ್ತಿದ್ದಾರೆ. ಖರ್ಚಾಗುವುದು ಮಾರುಕಟ್ಟೆಯ ಹೋಟೆಲುಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿದವರ ವಂತಿಗೆ ಹಣ. ಆದುದರಿಂದ ಲೆಕ್ಕ ಹಾಕಿಯೇ ಕೈ ಹಾಕಬೇಕು.

ಮೊದಲನೆಯದಾಗಿ, ಈ ಯಂತ್ರದಿಂದ ನಮಗೆ ಆಗಬೇಕಾದ ಕೆಲಸ ಯಾವುದು? ಪಿ.ಎಫ್. ವಿಚಾರಣೆ, ಇ-ಶ್ರಮ್ ನೋಂದಣಿ, ಸದಸ್ಯರ ಪಟ್ಟಿ, ಜಮಾಖರ್ಚು, ಕನ್ನಡದಲ್ಲಿ ಒಂದೆರಡು ಅರ್ಜಿ. ಇಷ್ಟಕ್ಕೆ ಭಾರಿ ಯಂತ್ರ ಬೇಕಿಲ್ಲ.

ಎರಡನೆಯದಾಗಿ, ಅದು ಎಲ್ಲಿ ಎಡವುತ್ತಿದೆ? ಹೋಟೆಲಿನ ಬಂಧುಗಳಿಗೆ ಇದು ಸುಲಭವಾಗಿ ತಿಳಿಯುತ್ತದೆ. ಭಟ್ಟರು ಎಷ್ಟೇ ಚುರುಕಾಗಿದ್ದರೂ ಉಗ್ರಾಣದಿಂದ ಸಾಮಾನು ಬರುವುದು ತಡವಾದರೆ ಗಿರಾಕಿ ಕಾಯಲೇಬೇಕು. ಕಂಪ್ಯೂಟರಿನಲ್ಲಿ ಪ್ರೊಸೆಸರ್ ಭಟ್ಟರಿದ್ದಂತೆ, ಹಾರ್ಡ್ ಡಿಸ್ಕ್ ಉಗ್ರಾಣವಿದ್ದಂತೆ, ರ‍್ಯಾಮ್ ಭಟ್ಟರ ಮುಂದಿನ ಹಲಗೆಯಿದ್ದಂತೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಯಾರ ಮೇಲೆ ಎಷ್ಟು ಹೊರೆ ಬಿದ್ದಿದೆಯೆಂದು ಕಾಣುತ್ತದೆ. ನಾವು ನೋಡಿದಾಗ ಪ್ರೊಸೆಸರ್ ಬಹುಪಾಲು ಸುಮ್ಮನೆ ಕುಳಿತಿತ್ತು. ಡಿಸ್ಕಿನ ಮೇಲೆ ಮಾತ್ರ ನೂರಕ್ಕೆ ನೂರು ಹೊರೆ. 4 ಜಿ.ಬಿ. ರ‍್ಯಾಮ್ ಕೂಡ ತುಂಬಿ ಹೋಗಿತ್ತು.

ಹಳೆಯ ಡಿಸ್ಕಿನೊಳಗೆ ತಟ್ಟೆ ತಿರುಗುತ್ತದೆ, ಒಂದು ತೋಳು ಅದರ ಮೇಲೆ ಓಡಾಡಿ ಮಾಹಿತಿ ಹುಡುಕುತ್ತದೆ. ಎಸ್.ಎಸ್.ಡಿ.ಯಲ್ಲಿ ತಿರುಗುವ ಭಾಗವೇ ಇಲ್ಲ. ಆದುದರಿಂದ ಕಾಯುವ ಹೊತ್ತು ಬಹಳ ಕಡಿಮೆ. ನಾಳೆ ಹೊಸ ಯಂತ್ರ ಕೊಂಡರೂ ಸಾಟಾ ಜೋಡಣೆಯ ಎಸ್.ಎಸ್.ಡಿ.ಯನ್ನು ಬಿಚ್ಚಿ ಸಾಮಾನ್ಯವಾಗಿ ಅದರಲ್ಲಿ ಕೂರಿಸಬಹುದು. ಡಿ.ಡಿ.ಆರ್.3 ರ‍್ಯಾಮ್ ಹಾಗಲ್ಲ, ಹೊಸ ಯಂತ್ರಕ್ಕೆ ಹೊಂದದು. ಆದುದರಿಂದ ರ‍್ಯಾಮನ್ನು ಬಳಸಿದ್ದನ್ನೇ ಕೊಂಡು 8 ಜಿ.ಬಿ.ಗೆ ಏರಿಸಿದರೆ ಸಾಕು. ಪ್ರೊಸೆಸರ್, ಮದರ್‌ಬೋರ್ಡುಗಳಿಗೆ ಒಂದು ರೂಪಾಯಿಯನ್ನೂ ಹಾಕತಕ್ಕದ್ದಲ್ಲ.

ಇನ್ನೊಂದು ಮಾತು ಮುಖ್ಯ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್ ಯಂತ್ರವಾದರೆ 8ನೆಯ ತಲೆಮಾರಿನದನ್ನೋ ಅದಕ್ಕೂ ಹೊಸದನ್ನೋ ಕೇಳುತ್ತದೆ. ನಮ್ಮದು 4ನೆಯ ತಲೆಮಾರಿನದು. ಸದಸ್ಯರ ಆಧಾರ್ ಸಂಖ್ಯೆ, ಬ್ಯಾಂಕಿನ ವಿವರ ಇರುವ ಯಂತ್ರವನ್ನು ಬೀಗವಿಲ್ಲದ ಪೆಟ್ಟಿಗೆಯಂತೆ ಇಟ್ಟುಕೊಳ್ಳಲಾಗದು. ಲಿನಕ್ಸ್ ಎಂಬ ವ್ಯವಸ್ಥೆ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಕನ್ನಡ ಬರೆಯಬಹುದು, ಪಿ.ಎಫ್. ಜಾಲತಾಣವನ್ನೂ ತೆರೆಯಬಹುದು. ಹಳೆಯ ನುಡಿ ಅಕ್ಷರಗಳ ಕಡತಗಳನ್ನು ಮಾತ್ರ ಯೂನಿಕೋಡಿಗೆ ಬದಲಾಯಿಸಿಕೊಳ್ಳಬೇಕು. ಮೊದಲು ಪೆನ್ ಡ್ರೈವಿನಿಂದಲೇ ಲಿನಕ್ಸನ್ನು ನಡೆಸಿ, ನಮ್ಮ ಪ್ರಿಂಟರ್ ಕೆಲಸ ಮಾಡುತ್ತದೆಯೇ ಎಂದು ನೋಡೋಣ. ಆಮೇಲೆ ಹಣ ಬಿಚ್ಚೋಣ.

ಆದುದರಿಂದ ಸಮಿತಿಯ ಸಲಹೆ ಹೀಗಿದೆ. ವಾಶಿಯ ಅಂಗಡಿಗಳಲ್ಲೂ ಗ್ರಾಂಟ್ ರೋಡ್ ನಿಲ್ದಾಣದ ಹತ್ತಿರದ ಲ್ಯಾಮಿಂಗ್ಟನ್ ರಸ್ತೆಯಲ್ಲೂ ದರ ವಿಚಾರಿಸಿ, ಬರೆಸಿಕೊಂಡು ಬರುವುದು. ಎರಡು ಭಾಗಗಳೂ ಕೂಲಿಯೂ ಸೇರಿ ಹೊಸ ಯಂತ್ರದ ಬೆಲೆಯ ಮೂರರಲ್ಲೊಂದು ಪಾಲು ಮೀರದಿದ್ದರೆ ಸರಿಪಡಿಸುವುದು. ಮೀರಿದರೆ, ಅಥವಾ ಮದರ್‌ಬೋರ್ಡೇ ಕೆಟ್ಟಿದ್ದರೆ, ಹೊಸದನ್ನೋ, ಬೇರೆ ಕಚೇರಿಯಲ್ಲಿ ಬಳಸಿದ 8ನೆಯ ತಲೆಮಾರಿನ ಮೇಲಿನ ಯಂತ್ರವನ್ನೋ ಗ್ಯಾರಂಟಿ ಸಹಿತ ಕೊಳ್ಳುವುದು.

ಏನೇ ಮಾಡಿದರೂ ಮೊದಲು ಎಲ್ಲ ಕಡತಗಳ ನಕಲು ತೆಗೆಯಬೇಕು. ಹಳೆಯ ಡಿಸ್ಕನ್ನು ಗುಜರಿಯವನಿಗೆ ಕೊಡದೆ ಸಂಘದ ಕಪಾಟಿನಲ್ಲೇ ಇಡಬೇಕು. ನಮ್ಮೆಲ್ಲರ ವಿವರಗಳೂ ಅದರಲ್ಲಿವೆ.

ಸದಸ್ಯರು ತಮ್ಮ ಅಭಿಪ್ರಾಯವನ್ನು ಸಂಕೋಚವಿಲ್ಲದೆ ತಿಳಿಸಬೇಕು. ಸಭೆ ಒಪ್ಪಿದ ಮೇಲೆಯೇ ಖರ್ಚು ಮಾಡುತ್ತೇವೆ, ರಸೀದಿಗಳನ್ನು ಮುಂದಿನ ಸಭೆಯಲ್ಲಿ ನಿಮ್ಮ ಮುಂದಿಡುತ್ತೇವೆ.