ಬೆಳ್ಳಗಿರುವುದೆಲ್ಲ ಬೆಳ್ಳಿಯಲ್ಲ



ಬೆಳ್ಳಿಹಬ್ಬದ ದಿನ ಬೆಳ್ಳಿಯ ಮಾತನ್ನೇ ಆಡೋಣ. ತೋಟದ ಬಂಗಲೆಗಳ ಹಳೇ ಟೀ ಸೆಟ್ಟು, ತಟ್ಟೆ, ಚಮಚಗಳನ್ನು ಕರಗಿಸಿದರೆ ಲಾಭ ಅಂತ ನಮ್ಮಲ್ಲಿ ಕೆಲವರು ಕೊಳ್ಳುವುದುಂಟು. ಮೊದಲು ಅಡಿಭಾಗ ನೋಡಿ. 'ಇ.ಪಿ.ಎನ್.ಎಸ್.' ಎಂದಿದ್ದರೆ ಅದು ತಾಮ್ರ, ಸತು, ನಿಕ್ಕಲ್ ಬೆರೆತ ಲೋಹ. ಬೆಳ್ಳಿ ಮೇಲಿನ ಲೇಪ ಮಾತ್ರ. ಒಂದು ಚದರ ಅಡಿಗೆ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ, ಲೇಪವಿದ್ದರೆ ಸಿಗೋದು ಸುಮಾರು 1 ಗ್ರಾಂ. ಅದನ್ನು ಬಿಡಿಸುವ ನೈಟ್ರಿಕ್ ಆಮ್ಲ ತಾಮ್ರವನ್ನೂ ಕರಗಿಸುತ್ತದೆ, ಅದರ ಹೊಗೆ ಶ್ವಾಸಕೋಶಕ್ಕೆ ವಿಷ. ಖರ್ಚು ಕಳೆದರೆ ಉಳಿಯೋದು ಅಷ್ಟಕ್ಕಷ್ಟೇ. ಆದ್ದರಿಂದ ಪೂರ್ತಿ ಇರುವ ಸೆಟ್ಟನ್ನು ಸೆಟ್ಟಾಗಿಯೇ ಮಾರೋಣ. ಮುರಿದದ್ದು ಮಾತ್ರ ಗುಜರಿಗೆ ಹೋಗಲಿ.

ಇನ್ನೊಂದು ಮಾತು ಮುಖ್ಯ. ಲೇಪದ ಸಾಮಾನಿನ ಜೊತೆ ಪೀಚೆಕತ್ತಿಯ ಬೆಳ್ಳಿ ಒರೆ, ಸರಪಳಿಗಳನ್ನು ಒಂದೇ ತಕ್ಕಡಿಗೆ ಹಾಕಬೇಡಿ. ನಮ್ಮ ದೇಶದಲ್ಲಿ ಬೆಳ್ಳಿಗೆ ಹಾಲ್‌ಮಾರ್ಕ್ ಶುರುವಾದದ್ದೇ 2005ರಲ್ಲಿ. ಅಜ್ಜನ ಕಾಲದ ವಸ್ತುವಿಗೆ ಆ ಮುದ್ರೆ ಎಲ್ಲಿಂದ ಬರಬೇಕು? ಮುದ್ರೆ ಇಲ್ಲ ಅಂತ ಗುಜರಿ ದರಕ್ಕೆ ಕೇಳಿದರೆ ಒಪ್ಪಬೇಡಿ; ನಂಬಿಕಸ್ಥ ಅಕ್ಕಸಾಲಿಗರಲ್ಲಿ ಪರೀಕ್ಷೆ ಮಾಡಿಸಿ, ಬೇರೆಯಾಗಿ ತೂಗಿಸಿ.

ಹಣದ ಅವಸರವಿದ್ದರೆ ಮೊದಲು ಸಂಘದ ಬಾಗಿಲಿಗೆ ಬನ್ನಿ. ಸಾಲ ತೀರಿಸಬಹುದು, ಮದುವೆಯಲ್ಲಿ ಚೇಲೆಗೆ ಸಿಕ್ಕಿಸುವ ಮನೆತನದ ಕತ್ತಿ ಒಮ್ಮೆ ಕರಗಿದರೆ ಮತ್ತೆ ಬಾರದು.