ಹುಳದ ನೆಲೆ ತೋರಿಸುವ ನಕಾಶೆ



ಧಾರವಾಡದಿಂದ ಪಡುವಣಕ್ಕೆ ದಾಂಡೇಲಿಗೆ ಹೋದರೆ ಅಡವಿಯಲ್ಲಿ ಮಂಗಟ್ಟೆ ಹಕ್ಕಿ ಕಾಣುತ್ತದೆ. ರಾಣೆಬೆನ್ನೂರ ಕಡೆಗೆ ಹೋದರೆ ಬಯಲಿನಲ್ಲಿ ಚಿಗರಿ ಜಿಗಿಯುತ್ತದೆ. ಚಿಗರಿಯನ್ನು ದಾಂಡೇಲಿಯ ದಟ್ಟಡವಿಯಲ್ಲಿ ಹುಡುಕುವವರುಂಟೇನ್ರಿ? ಕುರಿ ಕಾಯುವ ಹುಡುಗನೂ ಹುಡುಕಲಾರ. ಮಳೆ ಎಷ್ಟು, ಬಿಸಿಲು ಎಷ್ಟು, ಗಿಡಮರ ಎಂಥವು ಎಂಬುದರ ಮೇಲೆ ಆಯಾ ಜೀವಿಯ ನೆಲೆ ನಿಂತಿರುತ್ತದೆ.

ಈ ತಿಳಿವಳಿಕೆಯನ್ನೇ ಕಂಪ್ಯೂಟರಿಗೆ ಲೆಕ್ಕವಾಗಿ ಕಲಿಸಿದ್ದಾರೆ. ಅಂಥ ಸಾಫ್ಟ್‌ವೇರುಗಳಲ್ಲಿ ಮ್ಯಾಕ್ಸೆಂಟ್ ಎಂಬುದು ಒಂದು. 2006ರಲ್ಲಿ ಅಮೇರಿಕದ ಮೂವರು ವಿಜ್ಞಾನಿಗಳು ಇದರ ಕ್ರಮವನ್ನು ವಿವರಿಸಿ ಬರೆದರು. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಜೀವಿಯು ಈವರೆಗೆ ಕಂಡ ಜಾಗಗಳನ್ನೂ, ಮಳೆ-ಉಷ್ಣತೆಗಳ ನಕಾಶೆಗಳನ್ನೂ ಅದಕ್ಕೆ ಒದಗಿಸುತ್ತಾರೆ. ಅಂಥದೇ ಹವೆ ಮತ್ತೆಲ್ಲಿದೆ ಎಂದು ಅದು ಹುಡುಕಿ, ಒಗ್ಗುವ ನೆಲಕ್ಕೆ ಒಂದು ಬಣ್ಣ, ಒಗ್ಗದ್ದಕ್ಕೆ ಇನ್ನೊಂದು ಬಣ್ಣ ಹಚ್ಚಿಕೊಡುತ್ತದೆ.

ಇದರಿಂದ ನಮಗೇನು ಬಂತು ಎಂದು ನೀವು ಕೇಳಬಹುದು. ಗೋವಿನಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳವನ್ನು ನೆನೆಸಿಕೊಳ್ಳಿರಿ. ನಮ್ಮ ಹಳೆಯ ಸೈನಿಕ ಹುಳ ಬೇರೆ, ಇದು ಬೇರೆ. ಅಮೇರಿಕ ಖಂಡದ ಈ ಹುಳ 2016ರಲ್ಲಿ ಆಫ್ರಿಕದಲ್ಲಿ ಕಂಡಿತು. 2018ರ ಮೇ ತಿಂಗಳಲ್ಲಿ ನಮ್ಮ ಶಿವಮೊಗ್ಗದಲ್ಲಿ ಕಂಡಿತು. ಭಾರತದಲ್ಲಿ ಅದೇ ಮೊದಲು. ಚಳಿಗಾಲವನ್ನು ನಿದ್ದೆಯಲ್ಲಿ ಕಳೆದು ಬದುಕುವ ಶಕ್ತಿ ಇದಕ್ಕಿಲ್ಲ. ಹಿಮ ಬಿದ್ದಲ್ಲಿ ಸಾಯುತ್ತದೆ. ಉತ್ತರ ಅಮೇರಿಕದಲ್ಲಿ ಫ್ಲಾರಿಡ, ಟೆಕ್ಸಸ್‌ಗಳ ತೆಂಕಣ ಭಾಗದಲ್ಲಿ ಹೇಗೋ ಉಳಿದು, ವರ್ಷ ವರ್ಷವೂ ಹೊಸದಾಗಿ ಬಡಗಲಿಗೆ ಹಾರಿಹೋಗಬೇಕು. ನಮ್ಮಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? 2018ರಲ್ಲಿ ಅಚ್ಚಾದ ಇಂಥ ಲೆಕ್ಕಗಳೂ ದಕ್ಷಿಣ ಏಷ್ಯದ ಹವೆ ಇದಕ್ಕೆ ಒಗ್ಗುತ್ತದೆಂದೇ ತೋರಿಸಿದವು. ತಾನಾಗಿಯೇ ಹೋದೀತೆಂದು ಕೂಡ್ರುವಂತಿಲ್ಲ.

ಆದರೆ ನಕಾಶೆಯನ್ನು ಪಂಚಾಂಗದಂತೆ ನಂಬಬೇಡಿರಿ. ಹುಳ ಬದುಕಬಲ್ಲ ಸೀಮೆಯನ್ನು ಅದು ತೋರಿಸುತ್ತದೆಯೇ ಹೊರತು, ಇಂದು ನಿಮ್ಮ ಹೊಲದಲ್ಲಿ ಹುಳ ಇದೆಯೋ ಇಲ್ಲವೋ ಹೇಳುವುದಿಲ್ಲ. ಬರೇ ಮಳೆಯ ಲೆಕ್ಕ ಹಾಕಿದ ನಕಾಶೆಗೆ ನಿಮ್ಮ ಬೋರಿನ ನೀರು ಕಾಣದು. ಬ್ಯಾಸಗಿಯಲ್ಲಿ ಸುತ್ತಲ ಎರಿ ಹೊಲ ಬಿರುಕು ಬಿಟ್ಟಿದ್ದರೂ, ಬೋರಿನ ನೀರುಂಡ ಹಸಿ ಗೋವಿನಜೋಳ ಹುಳಕ್ಕೆ ಊಟವಾಗುತ್ತದೆ. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಹುಳ ಕಂಡದ್ದನ್ನು ಬರೆದುಕೊಳ್ಳುವವರು ಡಾಂಬರು ರಸ್ತೆಯ ಬದಿಗೆ, ಸಂಶೋಧನ ಕೇಂದ್ರಗಳ ಆಸುಪಾಸಿಗೆ ಹೆಚ್ಚು ಅಡ್ಡಾಡುತ್ತಾರೆ. ಒಳಹಳ್ಳಿಯ ಹೊಲ ದಾಖಲೆಗೇ ಬರುವುದಿಲ್ಲ. ದಾಖಲೆ ಕುಂಟಾದರೆ ನಕಾಶೆಯೂ ಕುಂಟುತ್ತದೆ.

ಆದುದರಿಂದ ಬೆಳೆ ಮೊಳೆತಂದಿನಿಂದ ವಾರಕ್ಕೆ ಎರಡು ಸಲ ಹೊಲದಲ್ಲಿ ತಿರುಗಾಡಿರಿ. ಎಲೆಯಲ್ಲಿ ತೂತು, ಸುಳಿಯಲ್ಲಿ ಕಟ್ಟಿಗೆ ಹೊಟ್ಟಿನಂಥ ಹಿಕ್ಕೆ ಕಂಡರೆ ಸುಳಿ ಬಿಚ್ಚಿ ನೋಡ್ರಿ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅದೇ ಹುಳ. ತತ್ತಿಗಳನ್ನು ಎಲೆಯ ಮೇಲೆ ಗುಂಪಾಗಿ ಇಟ್ಟು, ರೋಮದಂಥ ಹೊದಿಕೆ ಹೊದಿಸಿರುತ್ತದೆ. ಒಂದು ಗುಂಪಿನಲ್ಲಿ 100-200 ತತ್ತಿ ಇರಬಹುದು. ಕಂಡಲ್ಲೇ ಹೊಸಕಿಹಾಕಿರಿ. ಈ ತತ್ತಿ ಗಂಡಸರಿಗಿಂತ ಕಳೆ ತೆಗೆಯುವ ತಾಯಂದಿರ ಕಣ್ಣಿಗೇ ಬೇಗ ಬೀಳುತ್ತದೆಂದು ನನ್ನ ಅನುಭವ.

ಊರು, ಸರ್ವೆ ನಂಬರು, ತಾರೀಖು ಇಷ್ಟನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಬರೆಸಿರಿ. ಹುಡುಕಿಯೂ ಹುಳ ಸಿಗದಿದ್ದರೆ ಅದನ್ನೂ ಹೇಳಿರಿ. ಆ ಲೆಕ್ಕವೂ ಬೇಕಾಗುತ್ತದೆ.